ವೆಸ್ಲಿ ಮಾಡಿದ್ದು ದ್ರೋಹವೇ ಆದರೆ, ಗೆಳೆಯರು ಮಾಡಿದ್ದೇನು?

ಪ್ರಶ್ನೆ: ‘ಏಂಜೆಲ್’ ಧಾರಾವಾಹಿಯ ಮೂರನೇ ಸೀಸನ್ ಈಗಷ್ಟೇ ನೋಡಿ ಮುಗಿಸಿದೆ. ಮಗುವಿನ ಜೀವ ಉಳಿಸಲೆಂದೇ ವೆಸ್ಲಿ ಅದನ್ನು ಎತ್ತಿಕೊಂಡು ಹೋದ. ಅದು ತಿಳಿದ ಮೇಲೂ ಗೆಳೆಯರು ಅವನನ್ನು ಹೊರಗಟ್ಟಿದ್ದು ಅನ್ಯಾಯವಲ್ಲವೇ?

ಉತ್ತರ: ಖಂಡಿತ ಅನ್ಯಾಯ. ಆದರೆ ಏಂಜೆಲ್‌ನ ಸಿಟ್ಟನ್ನು ನಾನು ಅದರಲ್ಲಿ ಸೇರಿಸುವುದಿಲ್ಲ. ಮಗನನ್ನು ಕಳೆದುಕೊಂಡ ತಂದೆ ಹುಚ್ಚನಂತಾಗುವುದು ಸಹಜ. ನನಗೆ ನುಂಗಲಾಗದ್ದು ಉಳಿದವರ ನಡತೆ.

ಧಾರಾವಾಹಿ ನೋಡದವರಿಗಾಗಿ ಎರಡು ಮಾತು. 1999ರಿಂದ 2004ರವರೆಗೆ ಅಮೆರಿಕದಲ್ಲಿ ಪ್ರಸಾರವಾದ ಈ ಕಥೆ ನಡೆಯುವುದು ಲಾಸ್ ಏಂಜಲೀಸ್‌ನಲ್ಲಿ. ಏಂಜೆಲ್ ಎಂಬವನು ಆತ್ಮವನ್ನು ಮರಳಿ ಪಡೆದ ರಕ್ತಪಿಶಾಚಿ. ಕಷ್ಟದಲ್ಲಿರುವವರ ನೆರವಿಗೆ ಅವನದೊಂದು ಪುಟ್ಟ ತಂಡ. ಅಲೆಕ್ಸಿಸ್ ಡೆನಿಸಾಫ್ ನಟಿಸಿರುವ ವೆಸ್ಲಿ ಆ ತಂಡದ ಪಂಡಿತ. ಹಳೆಯ ಭಾಷೆಗಳನ್ನು ಓದಬಲ್ಲವನು, ಮಾತಿಗೆ ತಪ್ಪದವನು.

2002ರಲ್ಲಿ ಬಂದ ಕಂತುಗಳಲ್ಲಿ ಅವನ ಕೈಗೆ ಒಂದು ಭವಿಷ್ಯವಾಣಿ ಸಿಗುತ್ತದೆ: ತಂದೆಯೇ ಮಗನನ್ನು ಕೊಲ್ಲುತ್ತಾನೆ. ಭೂಕಂಪ, ಬೆಂಕಿ, ರಕ್ತ, ಈ ಮೂರು ಮುನ್ಸೂಚನೆಗಳೂ ಬರುತ್ತವೆ ಎಂದು ಅವನಿಗೆ ತಿಳಿಯುತ್ತದೆ. ಹಾಗೆಯೇ ಆಗುತ್ತದೆ. ನೆಲ ನಡುಗುತ್ತದೆ, ತಂಡ ನೆಲೆಸಿರುವ ಹೋಟೆಲ್‌ನಲ್ಲಿ ಬೆಂಕಿ ಹೊತ್ತಿಕೊಳ್ಳುತ್ತದೆ, ಮಗು ಕಾನರ್‌ನನ್ನು ಎತ್ತಿಕೊಂಡ ಏಂಜೆಲ್‌ನ ಹಣೆಯ ಗಾಯದಿಂದ ರಕ್ತ ಮಗುವಿನ ಹೊದಿಕೆಯ ಮೇಲೆ ತೊಟ್ಟಿಕ್ಕುತ್ತದೆ. ಸಾಲದ್ದಕ್ಕೆ ವುಲ್ಫ್‌ರಾಮ್ ಅಂಡ್ ಹಾರ್ಟ್ ಎಂಬ ದುಷ್ಟ ವಕೀಲರ ಸಂಸ್ಥೆಯವರು ಏಂಜೆಲ್ ಕುಡಿಯುವ ಹಂದಿಯ ರಕ್ತಕ್ಕೆ ಅವನ ಮಗುವಿನದೇ ರಕ್ತವನ್ನು ಗುಟ್ಟಾಗಿ ಬೆರೆಸುತ್ತಿರುತ್ತಾರೆ. ಅವನು ಕಾರಣವಿಲ್ಲದೆ ಸಿಡುಕುತ್ತಾನೆ, ಮಗುವನ್ನು ನೋಡುವ ನೋಟವೇ ಬದಲಾಗುತ್ತದೆ. ಇಷ್ಟನ್ನೂ ಕಣ್ಣಾರೆ ಕಂಡವನು ಸುಮ್ಮನೆ ಕುಳಿತಿದ್ದರೆ ಅದೇ ದ್ರೋಹವಾಗುತ್ತಿತ್ತು.

ಆದರೆ ಆ ಭವಿಷ್ಯವಾಣಿಯೇ ಸುಳ್ಳು. ದೊಡ್ಡವನಾದ ಕಾನರ್ ತನ್ನನ್ನು ಕೊಲ್ಲುತ್ತಾನೆ ಎಂಬ ನಿಜವಾದ ಬರಹಕ್ಕೆ ಹೆದರಿ, ಸಾಜಾನ್ ಎಂಬ ರಾಕ್ಷಸ ಕಾಲದಲ್ಲಿ ಹಿಂದೆ ಹೋಗಿ ಅದನ್ನು ತಿದ್ದಿರುತ್ತಾನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು ಎನ್ನುತ್ತಾರಲ್ಲ, ವೆಸ್ಲಿ ಎಡವಿದ್ದು ಅಲ್ಲೇ. ಜೊತೆಯಲ್ಲಿದ್ದ ಗನ್‌ಗಾಗಲಿ ಫ್ರೆಡ್‌ಗಾಗಲಿ ಅವನು ಒಂದು ಮಾತು ಹೇಳಲಿಲ್ಲ. ಏಂಜೆಲ್‌ನ ಕಡುವೈರಿ ಹೋಲ್ಟ್ಸ್‌ನನ್ನು ಕದ್ದು ಭೇಟಿಯಾದ. ಹಾಡುವವರ ಮನಸ್ಸನ್ನು ಓದಬಲ್ಲ ಲೋರ್ನ್, ಮಗುವಿಗೆ ಲಾಲಿ ಗುನುಗುತ್ತಿದ್ದ ವೆಸ್ಲಿಯ ಯೋಜನೆಯನ್ನು ಕಂಡುಕೊಂಡಾಗ ಅವನನ್ನೇ ಹೊಡೆದು ಬೀಳಿಸಿದ. ಇವೆಲ್ಲ ತಪ್ಪುಗಳೇ, ಅವನ ಅಭಿಮಾನಿಗಳು ಇವನ್ನು ಮರೆಯಬಾರದು.

ಅವನು ತೆತ್ತ ಬೆಲೆ? ಉದ್ಯಾನದಲ್ಲಿ ಹೋಲ್ಟ್ಸ್‌ನ ಕಡೆಯ ಜಸ್ಟೀನ್ ಅವನ ಕತ್ತು ಕೊಯ್ದು ಮಗುವನ್ನು ಕಸಿದುಕೊಂಡು ಹೋಗುತ್ತಾಳೆ. ಗನ್ ಮತ್ತು ಫ್ರೆಡ್ ಅವನ ದಿನಚರಿಯನ್ನು ಓದಿ ಕಾರಣ ತಿಳಿದುಕೊಳ್ಳುತ್ತಾರೆ. ಆಮೇಲೆ ಆ ಆಸ್ಪತ್ರೆಯ ದೃಶ್ಯ. ಏಂಜೆಲ್ ಹಾಸಿಗೆಯ ಪಕ್ಕ ನಿಂತು, ನೀನು ಯಾಕೆ ಹಾಗೆ ಮಾಡಿದೆ ಎಂದು ನನಗೆ ಅರ್ಥವಾಗುತ್ತದೆ ಎಂದು ಮೆಲುದನಿಯಲ್ಲಿ ಹೇಳುತ್ತಾನೆ. ತಾನು ಬುದ್ಧಿ ಸ್ಥಿಮಿತದಲ್ಲೇ ಇದ್ದೇನೆ ಎಂದು ಮನವರಿಕೆ ಮಾಡಿಕೊಡುತ್ತಾನೆ. ಮರುಕ್ಷಣ ದಿಂಬನ್ನು ಎತ್ತಿ ವೆಸ್ಲಿಯ ಮುಖಕ್ಕೆ ಒತ್ತುತ್ತಾನೆ. ಕತ್ತಿಗೆ ಹೊಲಿಗೆ ಬಿದ್ದಿರುವ ವೆಸ್ಲಿಗೆ ಕೂಗಲೂ ಆಗದು.

ಇದಾದ ಮೇಲೆ ಬರುವವಳು ಫ್ರೆಡ್. ವೆಸ್ಲಿಯ ಸಾಮಾನುಗಳನ್ನು ಪೆಟ್ಟಿಗೆಯಲ್ಲಿ ತುಂಬಿ ತಂದಿರುತ್ತಾಳೆ. ಭವಿಷ್ಯವಾಣಿ ಸುಳ್ಳಾಗಿತ್ತು, ನೀನು ನಮ್ಮನ್ನು ನಂಬಬೇಕಿತ್ತು, ಇನ್ನು ಹೋಟೆಲ್ ಕಡೆ ಬರಬೇಡ ಎಂದು ಹೇಳಿ ಹೋಗುತ್ತಾಳೆ. ಅವಳ ದೂರಿನಲ್ಲಿ ಹುರುಳಿದೆ. ಆದರೆ ಅವನ ಮಾತನ್ನೂ ಕೇಳೋಣ ಎಂದು ತಂಡದಲ್ಲಿ ಒಬ್ಬರಿಗೂ ಅನಿಸುವುದಿಲ್ಲ. ರಜೆ ಮುಗಿಸಿ ಬಂದ ಕಾರ್ಡೀಲಿಯಾ ಕೂಡ ಏಂಜೆಲ್‌ನ ಪಕ್ಕವೇ ನಿಲ್ಲುತ್ತಾಳೆ.

ಇದಕ್ಕಿಂತ ಹಿಂದಿನದನ್ನು ನೆನಪಿಸಿಕೊಳ್ಳಿ. ಎರಡನೇ ಸೀಸನ್‌ನಲ್ಲಿ ಇದೇ ಏಂಜೆಲ್ ಕೋಣೆಯೊಂದರ ತುಂಬ ವಕೀಲರನ್ನು ಇಬ್ಬರು ರಕ್ತಪಿಶಾಚಿಗಳ ಬಾಯಿಗೆ ಬಿಟ್ಟು, ಹೊರಗಿನಿಂದ ಬಾಗಿಲು ಹಾಕಿ ನಡೆದಿದ್ದ. ಅದನ್ನು ಪ್ರಶ್ನಿಸಿದ ವೆಸ್ಲಿ, ಕಾರ್ಡೀಲಿಯಾ, ಗನ್ ಮೂವರನ್ನೂ ಕೆಲಸದಿಂದ ಕಿತ್ತುಹಾಕಿದ್ದ. ಕೆಲವೇ ಕಂತುಗಳ ನಂತರ ತಪ್ಪಾಯಿತೆಂದು ಬಂದಾಗ, ಅಷ್ಟರಲ್ಲಿ ಗುಂಡೇಟು ತಿಂದು ಗಾಲಿಕುರ್ಚಿ ಹಿಡಿದಿದ್ದ ವೆಸ್ಲಿಯೂ ಅವನನ್ನು ಮತ್ತೆ ಸೇರಿಸಿಕೊಂಡ. ಜನರನ್ನು ತಿಳಿದೂ ತಿಳಿದೂ ಸಾವಿಗೆ ಒಪ್ಪಿಸಿದವನಿಗೆ ಸಿಕ್ಕ ಕ್ಷಮೆ, ಮಗುವನ್ನು ಉಳಿಸಲು ಹೋಗಿ ಮೋಸಹೋದವನಿಗೆ ಸಿಗಲಿಲ್ಲ. ನನ್ನ ತಕರಾರು ಇದೇ.

ಇನ್ನೂ ನೋಯಿಸುವುದು ಮುಂದಿನದು. ಬರಬೇಡ ಎಂದವರೇ ಅವನ ಬಾಗಿಲಿಗೆ ಬರುತ್ತಾರೆ. ಫ್ರೆಡ್‌ಳ ಜೀವಕ್ಕೆ ಅಪಾಯವಾದಾಗ ಉಪಾಯ ಕೇಳಿಕೊಂಡು ಗನ್ ಬರುತ್ತಾನೆ. ನಾಲ್ಕನೇ ಸೀಸನ್‌ನಲ್ಲಿ ತನಗೆ ಮೋಸಮಾಡಿದ ಪ್ರಾಧ್ಯಾಪಕನ ಮೇಲೆ ಸೇಡು ತೀರಿಸಿಕೊಳ್ಳಲು ಫ್ರೆಡ್ ಬರುತ್ತಾಳೆ. ವೆಸ್ಲಿ ಇಬ್ಬರಿಗೂ ನೆರವಾಗುತ್ತಾನೆ. ಏಂಜೆಲ್‌ನನ್ನು ಪೆಟ್ಟಿಗೆಯಲ್ಲಿ ಮುಚ್ಚಿ ಸಮುದ್ರದ ತಳಕ್ಕೆ ಇಳಿಸಿದಾಗಲೂ, ದೋಣಿಯಲ್ಲಿ ಹುಡುಕಿ ಮೇಲೆತ್ತುವವನು ವೆಸ್ಲಿಯೇ. ಹಸಿದು ನಿತ್ರಾಣನಾದ ಏಂಜೆಲ್‌ಗೆ ತನ್ನ ತೋಳನ್ನು ಕೊಯ್ದುಕೊಂಡು ರಕ್ತ ಕುಡಿಸುತ್ತಾನೆ. ತನ್ನ ಮುಖಕ್ಕೆ ದಿಂಬು ಒತ್ತಿದವನಿಗೆ!

ಹಾಗೆಂದು ಅವನು ಹಳೆಯ ವೆಸ್ಲಿಯಾಗಿ ಉಳಿದಿರಲಿಲ್ಲ. ಅದೇ ಹುಡುಕಾಟಕ್ಕಾಗಿ ಜಸ್ಟೀನ್‌ಳನ್ನು ಮನೆಯಲ್ಲಿ ಕೂಡಿಹಾಕಿದ್ದ, ಶತ್ರುಪಾಳಯದ ಲೈಲಾಳ ಸಂಗ ಮಾಡಿದ್ದ. ಗೆಳೆಯರು ಬಿಟ್ಟುಹೋದ ಮನುಷ್ಯ ಎಷ್ಟು ಕಟುವಾಗಬಲ್ಲ ಎಂಬುದನ್ನು ಧಾರಾವಾಹಿ ಮುಚ್ಚಿಡುವುದಿಲ್ಲ. ಬರಹಗಾರರು ಗೆಳೆಯರ ಪಕ್ಷಪಾತವನ್ನು ಗಮನಿಸಲೇ ಇಲ್ಲ ಎಂಬ ವಾದವನ್ನು ನಾನು ಒಪ್ಪದಿರುವುದು ಇದಕ್ಕೇ.

ನೀವು ಮೂರನೇ ಸೀಸನ್ ಮಾತ್ರ ಮುಗಿಸಿದ್ದೀರಿ. ಮೇಲಿನದರಲ್ಲಿ ಮುಂದಿನ ಕಥೆಯೂ ಸ್ವಲ್ಪ ಬಂದುಹೋಯಿತು. ಉಳಿದದ್ದನ್ನು ಹೇಳುವುದಿಲ್ಲ. ಐದನೇ ಸೀಸನ್‌ನ ‘ಒರಿಜಿನ್’ ಎಂಬ ಕಂತನ್ನು ಮಾತ್ರ ತಪ್ಪಿಸಬೇಡಿ. ಈ ಲೆಕ್ಕ ಮತ್ತೆ ತೆರೆದುಕೊಳ್ಳುವುದು ಅಲ್ಲಿ.