ಅಜ್ಜನ ಕೈ ಹಿಡಿಯೋಕಿನ್ನ ಮೊದಲ ಬೋಟ್ ಹಿಡೀರಿ

ರಬಕವಿ ಕಡಿಂದ ಮಹಿಷವಾಡಗಿಗೆ ಕೃಷ್ಣಾ ದಾಟೋ ಬೋಟ್‌ನಾಗ ದವಾಖಾನಿಗೆ ಹೋಗೋರು, ಮದುವಿಗೆ ಹೋಗೋರು, ಎಪ್ಪತ್ತು ದಾಟಿದ ಅಜ್ಜ ಆಯಿಗಳು ಎಲ್ಲಾರೂ ಇರ್ತಾರ, ಮನಿ ಮಂದಿಗೆ ಅಂಜಿಕಿ ಅಂದ್ರ ನಡು ಹೊಳ್ಯಾಗ ಏನರ ಆದೀತು ಅಂತ. ಆದ್ರ ವಯಸ್ಸಾದೋರಿಗೆ ಕಠಿಣ ಅನ್ನೋದು ದಂಡ್ಯಾಗ ಐತ್ರಿ, ಒಂದು ಕಾಲು ಪಾವಟಿಗಿ ಮ್ಯಾಲ, ಇನ್ನೊಂದು ಬೋಟ್‌ನಾಗ ಇರೋ ಆ ಎರಡು ಸೆಕೆಂಡ್‌ನಾಗ.

ಯಾಕಂದ್ರ ನೆಲ ಅಲುಗಾಡೂದಿಲ್ಲ, ಬೋಟ್ ಅಲುಗಾಡತೈತಿ. ನ್ಯೂಟನ್ 1687ರಾಗ ಅಚ್ಚು ಹಾಕಿಸಿದ ಮೂರನೇ ನಿಯಮ ಇಲ್ಲಿ ಕಾಲಾಗ ಗೊತ್ತಾಗತೈತಿ: ಇಳಿಯೋವಾಗ ನಾವು ಮುಂದ ಹೋಗಾಕ ಬೋಟನ್ನ ಹಿಂದ ದೂಡ್ತೀವಿ. 60 ಕೆಜಿ ಮನಿಷಾ 180 ಕೆಜಿ ಖಾಲಿ ಬೋಟ್‌ನಾಗ ಹಲಗಿ ಮ್ಯಾಲ ದಂಡಿ ಕಡೆ ಒಂದು ಮೀಟರ್ ನಡದ್ರ, ಹಗ್ಗ ಕಟ್ಟಿಲ್ಲಂದ್ರ, ನೀರಿನ ತಡೆ ಲೆಕ್ಕ ಬಿಟ್ರ ಬೋಟ್ ಸುಮಾರು 25 ಸೆಂಟಿಮೀಟರ್ ಹಿಂದ ಸರೀತೈತಿ. ಕಾಲು ಎತ್ತಿದಾಗ ಇದ್ದ ಸಂದಿ ಕಾಲು ಇಡೋದ್ರಾಗ ಹಿಗ್ಗಿರತೈತಿ! ಒಂದ ಹಗ್ಗ ಕಟ್ಟಿದ್ರೂ ಸಾಲೂದಿಲ್ಲ, ಇನ್ನೊಂದು ತುದಿ ಹೊರಗ ತಿರಗತೈತಿ, ಮುಂದ ಹಿಂದ ಎರಡೂ ಕಡೆ ಕಟ್ಟಬೇಕು, ಇಲ್ಲಾ ಇಬ್ಬರು ಗಟ್ಟಿ ಆಳು ದಂಡಿಗೆ ಒತ್ತಿ ಹಿಡಿದಿರಬೇಕು. ಅಂಚಿನ ಮ್ಯಾಲ ಕಾಲಿಟ್ರ ಬೋಟ್ ಆ ಮಗ್ಗಲಿಗೆ ವಾಲತೈತಿ, ಅದಕ್ಕ ಮೊದಲನೇ ಹೆಜ್ಜಿನ ನಡುವ ಇರಬೇಕು, ಇಟ್ಟ ಕೂಡ್ಲೆ ಕುಂದ್ರಬೇಕು, ನಿಂತಷ್ಟೂ ದೇಹದ ಭಾರ ಮ್ಯಾಲ ಇದ್ದು ವಾಲೋದು ಹೆಚ್ಚಾಗತೈತಿ.

ಇನ್ನ ಶರೀರದ ಕಡೆ ಬರ್ರಿ. ನಾವು ಬೀಳದಂಗ ನಿಲ್ಲೋದು ಮೂರು ಸುದ್ದಿ ಕೂಡಿಸಿ: ಕಣ್ಣು, ಒಳಗಿವಿ, ಅಂಗಾಲು ಮತ್ತ ಕೀಲುಗಳು. ವಯಸ್ಸಾದಂಗ ಒಳಗಿವ್ಯಾಗಿನ ಕೂದಲಿನಂಥ ಜೀವಕೋಶ ಕಡಿಮಿ ಆಗ್ತಾವ, ಸಕ್ಕರಿ ಕಾಯಿಲೆ ಇದ್ರ ಅಂಗಾಲಿನ ಸ್ಪರ್ಶಾನೂ ಮಂಕಾಗಬಹುದು, ದೂರಕ್ಕೊಂದು ಹತ್ರಕ್ಕೊಂದು ನಂಬರ್ ಇರೋ ಚಾಳೀಸು ಹಾಕಿದ್ರ ಕೆಳಗಿನ ಪಾವಟಿಗಿ ಮಸುಕ ಕಾಣತೈತಿ. ಬರೇ ಶಕ್ತಿ ಕುಂದೋದಲ್ಲ, ಶಕ್ತಿಕಿನ್ನ ಬೇಗ ಕುಂದೋದು ವೇಗ, ತಟ್ಟನೆ ಎಳೆಯೋ ಸ್ನಾಯು ಎಳಿಗಳು ಮೊದಲು ಸೊರಗ್ತಾವ. ಜೋಲಿ ಹೋದಾಗ ಇನ್ನೊಂದು ಹೆಜ್ಜಿ ಥಟ್ಟಂತ ಹಾಕಾಕ ಬೇಕಾಗೋವು ಅವ. ಅದಕ್ಕ "ಬಡಾ ಬಡಾ ಇಳೀರಿ ಅಜ್ಜಾರ" ಅಂತ ಅವಸರ ಮಾಡೋದು ನನಗ ಭಾಳ ಸಂಕಟ ಆಗತೈತಿ, ಅವರ ಕಡೆ ಇಲ್ಲದ್ದನ್ನ ನಾವು ಕೇಳಾಕತ್ತೇವಿ.

ಬಿಸಲಾಗ ಕುಂತು ಒಮ್ಮಿಗೇ ಎದ್ರ ರಕ್ತ ಕಾಲಿಗೆ ಇಳಿದು ಬಿಪಿ ಬೀಳಬಹುದು, ಮ್ಯಾಲಿನ ಅಂಕಿ ಮೂರು ನಿಮಿಷದೊಳಗ 20 ಇಳಿದ್ರ ಡಾಕ್ಟರು ಅದನ್ನ ತೊಂದ್ರಿ ಅಂತಾರ, ಬಿಪಿ ಗುಳಿಗಿ ತಗೊಳ್ಳೋರಿಗೆ ಇದು ಹೆಚ್ಚು. ಬೋಟ್ ದಂಡಿಗೆ ಬರೋಕಿನ್ನ ಮೊದಲ ಕುಂತಲ್ಲೇ ಪಾದ ಮ್ಯಾಲ ಕೆಳಗ ಹತ್ತಿಪ್ಪತ್ತು ಸಲ ಆಡಿಸ್ರಿ, ಬೋಟ್ ಕಟ್ಟಿದ ಮ್ಯಾಲ ಏಳ್ರಿ, ಚಕ್ಕರ ಬಂದ್ರ ತಿರುಗಿ ಕುಂದರ್ರಿ, ನಾಚಿಕಿ ಬ್ಯಾಡ.

ಕೈಚೀಲ, ಬಡಗಿ ಎಲ್ಲಾ ಮೊದಲು ದಂಡಿಗೆ ಕೊಟ್ಟುಬಿಡ್ರಿ. ಎರಡು ಕೈ ಎರಡು ಕಾಲಿನ್ಯಾಗ ಮೂರು ಯಾವಾಗಲೂ ಗಟ್ಟಿ ಜಾಗಾ ಹಿಡಿದಿರಬೇಕು, ಒಂದ ಅಲುಗಾಡಬೇಕು. ಆಸರ ಕೊಡೋರು ಅಂಗೈ ಹಿಡಿದು ಜಗ್ಗಬ್ಯಾಡ್ರಿ, ಮುಂಗೈ ಚಾಚ್ರಿ, ಅವರ ಹಿಡೀಲಿ. ಸೀರಿ ನಿರಿಗಿ, ಧೋತರ ಮೊದಲ ಎತ್ತಿ ಕಟ್ಟಿಕೊಂಡಿರಲಿ, ಲೈಫ್ ಜಾಕೆಟ್ ಹತ್ತೋಕಿನ್ನ ಮೊದಲ.

ಹೊಳಿ ನೀರು ಮಳಿಗಾಲಕ್ಕೊಂದು ಮಟ್ಟ, ಬ್ಯಾಸಿಗಿಗೊಂದು ಮಟ್ಟ, ಹತ್ತೋ ಎತ್ತರ ದಿನಾ ಬ್ಯಾರೆ, ನೀರು ಇಳಿದ ಪಾವಟಿಗಿ ಮ್ಯಾಲ ಪಾಚಿ ಬ್ಯಾರೆ. ಊರಿನ ಪಂಚಾಯತಿಯೋರು ಪಾವಟಿಗಿ ಗುಂಟ ಕೆಳಗಿನ ತನಕ ಒಂದು ಕಬ್ಬಿಣ ಪೈಪಿನ ಹಿಡಿಕಿ, ಬೋಟ್ ಕಟ್ಟಾಕ ಎರಡು ಗೂಟ ಹಾಕಿಸಬೇಕ್ರಿ, ದೊಡ್ಡ ಖರ್ಚಿನ ಕೆಲಸ ಅಲ್ಲ ಇದು.