ಖರ್ಜೂರದಲ್ಲಿ ಆಕ್ಸಿಟೋಸಿನ್ ಇಲ್ಲ

ಖರ್ಜೂರದಲ್ಲಿ ಗರ್ಭಕೋಶವನ್ನು ಹಿಂಡಿ ಹೆರಿಗೆ ನೋವು ಬರಿಸುವ ಹಾರ್ಮೋನು ಆಕ್ಸಿಟೋಸಿನ್ ಇದೆ, ಅದಕ್ಕೇ ಹೆರಿಗೆ ಸಲೀಸಾಗುತ್ತದೆ ಎಂಬ ಮಾತು ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇದೆ. ಅದು ಸುಳ್ಳು. ಇದ್ದಿದ್ದರೂ ಉಪಯೋಗವಿರಲಿಲ್ಲ. ಆಕ್ಸಿಟೋಸಿನ್ ಒಂಬತ್ತು ಅಮೈನೋ ಆಮ್ಲಗಳ, ಅಂದರೆ ಪ್ರೋಟೀನು ಕಟ್ಟುವ ಬಿಡಿ ಅಂಶಗಳ, ಪುಟ್ಟ ಸರಪಣಿ. ನುಂಗಿದರೆ ಹೊಟ್ಟೆಯಲ್ಲಿ ತುಂಡಾಗಿ ಜೀರ್ಣವಾಗುತ್ತದೆ. ನೋವು ಬರಿಸಲು ಆಸ್ಪತ್ರೆಯಲ್ಲಿ ಅದನ್ನು ಡ್ರಿಪ್‌ ಮೂಲಕ ಕೊಡುವುದು ಈ ಕಾರಣಕ್ಕೇ.

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರ ಗರ್ಭಕೋಶವನ್ನು ಹಿಂಡುವುದನ್ನು ಬ್ರಿಟಿಷ್ ವಿಜ್ಞಾನಿ ಹೆನ್ರಿ ಡೇಲ್ 1906ರಲ್ಲಿ ವರದಿ ಮಾಡಿದರು. ಅದರಲ್ಲಿದ್ದ ಆಕ್ಸಿಟೋಸಿನ್ನನ್ನು 1953ರಲ್ಲಿ ಪ್ರಯೋಗಾಲಯದಲ್ಲೇ ಕಟ್ಟಿದ ಅಮೆರಿಕದ ವಿಜ್ಞಾನಿ ವಿನ್ಸೆಂಟ್ ಡು ವಿನ್ಯೋಗೆ 1955ರ ರಸಾಯನಶಾಸ್ತ್ರದ ನೊಬೆಲ್ ಬಂತು. ಆದರೆ ಹಾರ್ಮೋನು ಅರ್ಧ ಕತೆ ಮಾತ್ರ. ದಿನ ತುಂಬುತ್ತಿದ್ದಂತೆ ಗರ್ಭಕೋಶದ ಸ್ನಾಯುವಿನಲ್ಲಿ ಅದನ್ನು ಹಿಡಿಯುವ ಗ್ರಾಹಿಗಳು ಹಲವು ಪಟ್ಟು ಹೆಚ್ಚುತ್ತವೆ. ಕೂಗು ಅಷ್ಟೇ, ಕೇಳುವ ಕಿವಿಗಳು ಹೆಚ್ಚು. ಇತ್ತ ಗರ್ಭಕೋಶದ ಬಾಯಿಯಾದ ಗರ್ಭಕಂಠದಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ಹೆಣಿಗೆ ಸಡಿಲವಾಗಿ, ನೀರು ತುಂಬಿ, ಗಟ್ಟಿಯಾಗಿದ್ದದ್ದು ಮೆತ್ತಗಾಗುತ್ತದೆ. ಖರ್ಜೂರ ಏನಾದರೂ ಮಾಡುವುದಿದ್ದರೆ ಈ ಸಿದ್ಧತೆಯಲ್ಲೇ ಇರಬೇಕು ಎಂಬುದು ಊಹೆ. ಯಾವ ಅಂಶದಿಂದ ಎಂಬುದು ಇನ್ನೂ ಖಚಿತವಾಗಿಲ್ಲ.

ಜೋರ್ಡಾನ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆರಿಗೆಯ ದಿನಾಂಕಕ್ಕೆ ನಾಲ್ಕು ವಾರ ಮುಂಚಿನಿಂದ ದಿನಕ್ಕೆ ಆರು ಹಣ್ಣು ತಿಂದ 69 ಮಂದಿಯ ಗರ್ಭಕಂಠ, ಆಸ್ಪತ್ರೆಗೆ ಬಂದಾಗ ಸರಾಸರಿ 3.52 ಸೆಂ.ಮೀ. ತೆರೆದಿತ್ತು, ತಿನ್ನದ 45 ಮಂದಿಯಲ್ಲಿ 2.02. ಆಕರ್ಷಕ ಅಂಕಿ. ಆದರೆ ಗುಂಪುಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ವಿಂಗಡಿಸಿರಲಿಲ್ಲ. ಹಾಗೆ ವಿಂಗಡಿಸಿ ಮಲೇಷ್ಯಾದಲ್ಲಿ ನಡೆಸಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚೊಚ್ಚಲ ಬಸುರಿಯರಿಗೆ ದಿನಕ್ಕೆ ಏಳು ಹಣ್ಣು ಕೊಟ್ಟರು. ನೋವು ತಾನಾಗಿ ಶುರುವಾಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಶುರುವಾದ ನೋವಿಗೆ ಔಷಧಿಯಿಂದ ವೇಗ ಕೊಡಬೇಕಾದ ಪ್ರಸಂಗ ಮಾತ್ರ ಕಡಿಮೆಯಾಯಿತು. ಲಾಭ ಅಷ್ಟೇ, ಪವಾಡವಲ್ಲ.

ತಿನ್ನುವುದಾದರೆ 36–37ನೇ ವಾರದಿಂದ, ದಿನಕ್ಕೆ 60ರಿಂದ 80 ಗ್ರಾಂ. ಎಣಿಕೆ ನಂಬಬೇಡಿ: ಸಣ್ಣ ಹಣ್ಣು ಬೀಜ ಬಿಟ್ಟು 7–8 ಗ್ರಾಂ ತೂಗಿದರೆ ಮೆಜೂಲ್ ತಳಿಯ ದೊಡ್ಡ ಹಣ್ಣು 24 ಗ್ರಾಂ, ಅದರಲ್ಲಿ 16 ಗ್ರಾಂ ಸಕ್ಕರೆಯೇ. ಮೆಜೂಲ್ ಆದರೆ ಮೂರು ಸಾಕು. ತೊಳೆದು, ಸೀಳಿ, ಒಳಗೆ ಹುಳು ಇದೆಯೇ ನೋಡಿ, ದಿನದಲ್ಲಿ ಎರಡು ಮೂರು ಸಲ ಹಂಚಿ ತಿನ್ನಿ. ಬಾದಾಮಿ ಅಥವಾ ಮೊಸರಿನ ಜೊತೆಗೆ ತಿಂದರೆ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಮೊದಲ ತಿಂಗಳಿಂದಲೇ ಈ ಪ್ರಮಾಣ ತಿಂದರೆ ಹೆರಿಗೆಗೆ ಹೆಚ್ಚಿನ ಲಾಭವೇನಿಲ್ಲ, ಸಕ್ಕರೆ ಮಾತ್ರ ಹೆಚ್ಚು.

ಗರ್ಭಾವಸ್ಥೆಯ ಮಧುಮೇಹ ಇದ್ದವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಪೊಟ್ಯಾಸಿಯಂ ಅಪಾಯ. 100 ಗ್ರಾಂ ಖರ್ಜೂರದಲ್ಲಿ ಸುಮಾರು 700 ಮಿ.ಗ್ರಾಂ ಇದೆ. ರಕ್ತಹೀನತೆಗೆ ಇದೇ ಮದ್ದು ಎನ್ನುವವರೂ ಇದ್ದಾರೆ. ಅದೇ 100 ಗ್ರಾಂನಲ್ಲಿ ಕಬ್ಬಿಣ 1 ಮಿ.ಗ್ರಾಂ ಆಸುಪಾಸು, ಬಸುರಿಗೆ ದಿನಕ್ಕೆ ಬೇಕಾದದ್ದು 27. ಕಬ್ಬಿಣದ ಮಾತ್ರೆ ಬಿಡಬೇಡಿ. ನೀರು ಒಡೆದರೆ, ರಕ್ತ ಕಂಡರೆ ಅಥವಾ ಮಗುವಿನ ಅಲುಗಾಟ ಕಡಿಮೆಯಾದರೆ ನೋವು ಬರಲೆಂದು ಖರ್ಜೂರ ತಿನ್ನುತ್ತ ಕಾಯದೆ ತಕ್ಷಣ ಆಸ್ಪತ್ರೆಗೆ ಹೊರಡಿ.