ವಾಕ್ಯ ಬಾಯಿಗೆ ಬಂದಿದೆ, ಕೈ ಬಿಚ್ಚುತ್ತಿಲ್ಲ: ಮಕ್ಕಳಿಗೆ ಕೊಡುವುದನ್ನು ಕಲಿಸುವುದು ಹೇಗೆ?

ಪ್ರಶ್ನೆ: ನಮ್ಮ ಮನೆಯಲ್ಲಿ ದಿನಾ ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ ಮಾಡುತ್ತೇವೆ. ಮಗಳು ಮೂರನೇ ಕ್ಲಾಸು, ಮಗ ಯು.ಕೆ.ಜಿ. ಸಂತೋಷವಾಗಿ ಕೊಡುವವನನ್ನು ದೇವರು ಪ್ರೀತಿಸುತ್ತಾನೆ ಎಂಬ ವಾಕ್ಯ ಇಬ್ಬರಿಗೂ ಬಾಯಿಪಾಠ. ಆದರೆ ಒಬ್ಬರ ಪೆನ್ಸಿಲ್ ಇನ್ನೊಬ್ಬರು ಮುಟ್ಟಿದರೆ ರಂಪ. ಕೊಡುವ ಗುಣವನ್ನು ಸತ್ಯವೇದದಿಂದ (ಬೈಬಲಿನಿಂದ) ಹೇಗೆ ಕಲಿಸಬೇಕು?
(ಸಿಂಧನೂರಿನ ಒಬ್ಬ ತಾಯಿ)

ಉತ್ತರ: ಅಕ್ಕಾ, ಮಾನ್ವಿ, ಗಂಗಾವತಿ, ಬಳ್ಳಾರಿ ಕಡೆಯ ತಂದೆತಾಯಿಗಳೂ ಇದನ್ನೇ ಕೇಳುತ್ತಾರೆ. ಮಕ್ಕಳು ಬಾಯಿಪಾಠ ಮಾಡಿರುವ ಆ ವಾಕ್ಯವನ್ನೇ ಮೊದಲು ಪೂರ್ತಿ ತೆರೆದು ನೋಡೋಣ. ಎರಡನೇ ಕೊರಿಂಥ 9:7ರಲ್ಲಿ ಪೌಲನು ಮೊದಲು ಹೇಳುವುದು ಬೇರೆ ಮಾತು: ಪ್ರತಿಯೊಬ್ಬನು ತನ್ನ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಷ್ಟು ಕೊಡಲಿ, ದುಃಖದಿಂದ ಬೇಡ, ಬಲವಂತದಿಂದ ಬೇಡ. ನಾವು ವಾಕ್ಯದ ಬಾಲವನ್ನಷ್ಟೇ ಮಕ್ಕಳಿಗೆ ಕಲಿಸಿ, ತಲೆಯನ್ನು ಬಿಟ್ಟುಬಿಡುತ್ತೇವೆ. ಅಕ್ಕನ ಕೈಯಿಂದ ಪೆನ್ಸಿಲ್ ಕಸಿದು ತಮ್ಮನಿಗೆ ಕೊಟ್ಟು, ‘ಯೇಸಪ್ಪ ಏನಂದಾನ, ಕೊಡಬೇಕಂದಾನ ಇಲ್ಲೋ?’ ಎಂದು ಗದರಿದರೆ, ಅಲ್ಲಿ ನಡೆದದ್ದು ಆ ವಾಕ್ಯಕ್ಕೆ ವಿರುದ್ಧವಾದದ್ದೇ. ಅಪೊಸ್ತಲರ ಕೃತ್ಯಗಳು 5ರಲ್ಲಿ ಪೇತ್ರನು, ಭೂಮಿ ಮಾರಿ ಹಣದಲ್ಲಿ ಒಂದು ಪಾಲು ಬಚ್ಚಿಟ್ಟು ಉಳಿದದ್ದನ್ನು ತಂದ ಅನನೀಯನಿಗೆ, ಮಾರುವ ಮುಂಚೆ ಆ ಭೂಮಿ ನಿನ್ನದೇ ಆಗಿತ್ತಲ್ಲವೇ, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತಲ್ಲವೇ ಎಂದು ಕೇಳುತ್ತಾನೆ. ಅವನನ್ನು ಯಾರೂ ಒತ್ತಾಯ ಮಾಡಿರಲಿಲ್ಲ. ‘ಇದು ನಿಂದ, ಕೊಡೋದು ಬಿಡೋದು ನಿನ್ನ ಮನಸ್ಸು’ ಎಂದು ಕೇಳಿಸಿಕೊಂಡ ಮಗುವೇ ಒಂದು ದಿನ ತಾನಾಗಿ ಕೈ ಬಿಚ್ಚುತ್ತದೆ. ನೀವು ಕಾಯಬೇಕು. ಆ ಕಾಯುವುದೇ ಕಷ್ಟದ ಕೆಲಸ.

ಇನ್ನು ಎಲ್ಲಿಂದ ಓದಬೇಕು ಎಂಬುದಕ್ಕೆ ಬಂದರೆ, ಬಹಳ ಜನ ಮಾರ್ಕ 12ರಲ್ಲಿ ತನಗಿದ್ದ ಎರಡೇ ಕಾಸನ್ನು ಕಾಣಿಕೆಗೆ ಹಾಕಿದ ಬಡ ವಿಧವೆಯಿಂದ ಶುರು ಮಾಡುತ್ತಾರೆ. ನನ್ನ ಮಾತು ಕೇಳಿದರೆ ರೂತಳ ಪುಸ್ತಕದಿಂದ ಶುರು ಮಾಡಿ. ನಾಲ್ಕೇ ಅಧ್ಯಾಯ. ನಮ್ಮ ಭಾಗದ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಬೇತ್ಲೆಹೇಮಿನಲ್ಲಿ ಬರ ಬಿತ್ತು, ಎಲೀಮೆಲೆಕನು ಹೆಂಡತಿ ನೊವೊಮಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಪಕ್ಕದ ದೇಶವಾದ ಮೋವಾಬಿಗೆ ಗುಳೆ ಹೋದ. ಶಾಲೆಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಹುಡುಗ ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ದುಡಿಯಲು ಹೋದದ್ದನ್ನು ನೋಡಿದ ಮಗುವಿಗೆ ಈ ಕುಟುಂಬ ದೂರದವರಲ್ಲ. ಅಲ್ಲಿ ಗಂಡ ಸತ್ತ, ಮಕ್ಕಳೂ ಸತ್ತರು. ಸುಮಾರು ಹತ್ತು ವರ್ಷದ ಮೇಲೆ ನೊವೊಮಿ ಬರಿಗೈಯಲ್ಲಿ ಊರಿಗೆ ಬಂದಳು, ಜೊತೆಗೆ ಸೊಸೆ ರೂತಳು. ಅದು ಜವೆಗೋದಿಯ ಸುಗ್ಗಿ ಶುರುವಾದ ಸಮಯ. ರೂತಳು ಹಕ್ಕಲು ಆಯಲು, ಅಂದರೆ ಕೊಯ್ದ ಮೇಲೆ ಹೊಲದಲ್ಲಿ ಉಳಿದ ತೆನೆ ಆರಿಸಲು ಹೊರಟಳು.

ಇಲ್ಲಿ ಸ್ವಲ್ಪ ನಿಲ್ಲಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರು ಮಾತಾಡಲಿ. ನೆಲ್ಲು ಕೊಯ್ಯಲು ಮಷಿನ್ ಬರುವ ಮುಂಚೆ ಹೊಲದಲ್ಲಿ ಏನು ಉಳಿಯುತ್ತಿತ್ತು, ಶೇಂಗಾ ಕಿತ್ತ ಹೊಲದಲ್ಲಿ ಹಕ್ಕಲು ಆಯಲು ಯಾರು ಬರುತ್ತಿದ್ದರು, ಯಾವ ಗೌಡರು ಬಿಡುತ್ತಿದ್ದರು, ಯಾರು ಓಡಿಸುತ್ತಿದ್ದರು, ಎಲ್ಲ ಅವರಿಗೆ ಗೊತ್ತಿರುತ್ತದೆ. ಮಕ್ಕಳು ಇಂಗ್ಲಿಷ್ ಮೀಡಿಯಂ ಆದರೂ ಮನೆಯ ಪ್ರಾರ್ಥನೆಯಲ್ಲಿ ಕನ್ನಡ ಸತ್ಯವೇದವನ್ನೇ ಓದಿಸಿ ಎಂದು ನಾನು ಒತ್ತಿ ಹೇಳುವುದು ಅದಕ್ಕೇ, ಅಜ್ಜಿ ಕಿವಿಗೊಟ್ಟು ಕೂರಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಇಲ್ಲಿಯ ಜನರಿಂದ ಭಾಷೆ ಕಲಿತು, ವರ್ಷಗಟ್ಟಲೆ ಕೂತು ಸತ್ಯವೇದವನ್ನು ಕನ್ನಡಕ್ಕೆ ತಂದದ್ದು ಅಜ್ಜಿಯಂಥವರ ಕಿವಿಗೂ ಮುಟ್ಟಲೆಂದೇ.

ಆಮೇಲೆ ಯಾಜಕಕಾಂಡ 19:9-10 ತೆಗೆಯಿರಿ. ಹೊಲದ ಅಂಚಿನ ತನಕ ಪೂರ್ತಿ ಕೊಯ್ಯಬೇಡ, ಹಕ್ಕಲು ಆಯಬೇಡ, ಅದು ಬಡವರಿಗೂ ಪರದೇಶಿಗಳಿಗೂ ಇರಲಿ ಎಂದು ಅಲ್ಲಿ ಆಜ್ಞೆ. ಅಂದರೆ ಉಂಡು ಉಳಿದ ಮೇಲೆ ಕೊಡುವ ಲೆಕ್ಕ ಅಲ್ಲ, ಕೊಯ್ಯುವಾಗಲೇ ಬಿಡುವ ಲೆಕ್ಕ. ರೂತಳು ಆಯಲು ಹೋದ ಹೊಲದ ಒಡೆಯ ಬೋವಜನು ಅದನ್ನೂ ದಾಟಿದ. ಸಿವುಡುಗಳ (ತೆನೆಯ ಕಟ್ಟುಗಳ) ನಡುವೆಯೂ ಅವಳು ಆಯಲಿ, ಕಟ್ಟಿನಿಂದ ಒಂದಿಷ್ಟು ತೆನೆ ಬೇಕೆಂದೇ ಎಳೆದು ಬಿಡಿ, ಅವಳನ್ನು ಗದರಿಸಬೇಡಿ, ಅವಮಾನ ಮಾಡಬೇಡಿ ಎಂದು ಆಳುಗಳಿಗೆ ಹೇಳಿದ. ಮಕ್ಕಳಿಗೆ ಕೇಳಿ: ಚೀಲಕ್ಕೇ ತುಂಬಿ ಕೊಟ್ಟುಬಿಡಬಹುದಿತ್ತಲ್ಲ, ತೆನೆ ಬೀಳಿಸಿ ಹೋಗಿ ಅಂತ ಯಾಕೆ ಹೇಳಿದ? ಉತ್ತರ ಹೇಳಲು ಅವಸರ ಮಾಡಬೇಡಿ. ‘ಅಕಿಗೆ ನಾಚಿಕಿ ಆಗಬಾರದಂತ’ ಎಂದು ಒಂದು ಮಗುವಾದರೂ ಹೇಳುತ್ತದೆ. ಅದು ತಾನೇ ಕಂಡುಕೊಂಡದ್ದು, ಮರೆಯುವುದಿಲ್ಲ. ಇನ್ನೊಂದು ಸಂಗತಿ ನಾವು ದಾಟಿ ಹೋಗಿಬಿಡುತ್ತೇವೆ. ಮಧ್ಯಾಹ್ನ ಬೋವಜನು ಕೊಟ್ಟ ಹುರಿಗಾಳನ್ನು ರೂತಳು ಹೊಟ್ಟೆ ತುಂಬ ತಿಂದು, ಉಳಿದದ್ದನ್ನು ಅತ್ತೆಗೆ ತಂದಳು. ತೆಗೆದುಕೊಂಡವಳೂ ಕೊಟ್ಟಳು. ಜೋಳದ ಸೀತನಿ (ಸುಟ್ಟ ಎಳೆ ತೆನೆಯ ಕಾಳು) ತಿನ್ನುವ ದಿನಗಳಲ್ಲಿ ಈ ಅಧ್ಯಾಯ ಓದಿದರೆ ಇನ್ನೂ ಒಳ್ಳೆಯದು.

ಓದಿದ್ದು ಕೈಗೆ ಇಳಿಯಬೇಕಲ್ಲ. ಅದಕ್ಕೆ ಹಿಡಿ ಅಕ್ಕಿ. ಮಿಜೋರಾಮಿನ ಕ್ರೈಸ್ತ ಸಭೆಗಳಲ್ಲಿ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ದೇವರ ಕೆಲಸಕ್ಕೆ ತೆಗೆದಿಡುವ ಪದ್ಧತಿ 1910ರಲ್ಲಿ ಶುರುವಾಗಿ ಇಂದಿಗೂ ನಡೆದಿದೆ. ನೀವು ಸಂಜೆ ಅಕ್ಕಿ ತೊಳೆಯುವ ಮುಂಚೆ ಮಕ್ಕಳನ್ನು ಕರೆಯಿರಿ. ಮುಷ್ಟಿ ಚಿಕ್ಕದು, ಬೆರಳ ಸಂದಿಯಿಂದ ಕಾಳು ಜಾರುತ್ತದೆ, ನೆಲದ ಮೇಲೆ ಚೆಲ್ಲುತ್ತದೆ. ಬೈಯಬೇಡಿ. ಚೆಲ್ಲಿದ್ದನ್ನು ಅವರೇ ಆರಿಸಿ ಡಬ್ಬಿಗೆ ಹಾಕಲಿ. ಮುಷ್ಟಿಗೆ 30 ಗ್ರಾಂ ಹಿಡಿದರೂ ಒಂದು ಮಗುವಿನಿಂದ ತಿಂಗಳಿಗೆ ಕಿಲೋದ ಹತ್ತಿರ ಆಗುತ್ತದೆ. ತೆಗೆಯುವುದು ಅಳೆಯುವ ಹೊತ್ತಿನಲ್ಲೇ, ಅನ್ನ ಮಿಕ್ಕ ಮೇಲೆ ಅಲ್ಲ. ತಿಂಗಳ ಕೊನೆಗೆ ಯಾರಿಗೆ ಎಂದು ಮಕ್ಕಳೂ ಕೂತು ಮಾತಾಡಲಿ. ಸಭೆಯವರೇ ಆಗಬೇಕೆಂದಿಲ್ಲ, ರೂತಳು ಮೋವಾಬಿನವಳು. ಓಣಿಯ ಕೊನೆಯ ಮನೆಯ ಮುದುಕಮ್ಮ ಯಾವ ದೇವರಿಗೆ ಕೈ ಮುಗಿದರೂ ಹಸಿವು ಹಸಿವೇ. ಕೊಡಲು ಹೋಗುವಾಗ ‘ಅಜ್ಜಿ, ಅವ್ವ ಕಳಿಸ್ಯಾಳ್ರಿ’ ಎಂದರೆ ಸಾಕು, ಬೇರೆ ಭಾಷಣ ಬೇಡ. ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕುವುದಂತೂ ಬೇಡವೇ ಬೇಡ. ಎಡಗೈಗೆ ಗೊತ್ತಾಗದಂತೆ ಬಲಗೈ ಕೊಡಲಿ ಎಂದು ಮತ್ತಾಯ 6ರಲ್ಲಿ ಓದಿಸಿದ ಮೇಲೆ ಮಗು ನಮ್ಮ ಫೋನನ್ನೂ ನೋಡುತ್ತಿರುತ್ತದೆ.

ಭಾನುವಾರದ ಕಾಣಿಕೆಯ ಬಗ್ಗೆ ಒಂದು ಮಾತು. ಚೀಲ ಹತ್ತಿರ ಬಂದಾಗ ಅಪ್ಪ ಜೇಬಿನಿಂದ ಹತ್ತು ರೂಪಾಯಿ ತೆಗೆದು ಮಗುವಿನ ಕೈಗೆ ತುರುಕುತ್ತಾರೆ. ಮಗು ಹಾಕುತ್ತದೆ, ಆದರೆ ಕೊಟ್ಟದ್ದು ಅಪ್ಪ. ಕಾಕಾ, ಮಾಮಾ ಕ್ರಿಸ್ಮಸ್ಸಿಗೆ ಕೊಟ್ಟ ದುಡ್ಡಿನಲ್ಲಿ ಎರಡೇ ರೂಪಾಯಿ ಮಗು ತಾನಾಗಿ ತೆಗೆದರೆ ಅದರ ತೂಕ ಬೇರೆ. ಆಗ ಮಾರ್ಕ 12 ಓದಿ. ಆದರೆ ‘ಕೊಟ್ಟರೆ ದೇವರು ಹತ್ತು ಪಟ್ಟು ಕೊಡ್ತಾನ’ ಎಂದು ಮಾತ್ರ ಹೇಳಬೇಡಿ. ಕೊಡಿರಿ, ನಿಮಗೂ ಕೊಡಲ್ಪಡುವುದು ಎಂಬ ಮಾತು ಲೂಕ 6ರಲ್ಲಿ ಇದೆ, ನಿಜ. ಆದರೂ ಆ ವಿಧವೆಗೆ ಮಾರನೇ ದಿನ ಏನು ಸಿಕ್ಕಿತು ಎಂದು ಸುವಾರ್ತೆ ಬರೆದಿಲ್ಲ. ಅದರ ಹಿಂದಿನ ವಚನದಲ್ಲೇ ಯೇಸು ವಿಧವೆಯರ ಮನೆಗಳನ್ನು ನುಂಗುವವರನ್ನು ಖಂಡಿಸುತ್ತಾನೆ. ಹತ್ತು ಪಟ್ಟಿನ ಆಸೆ ತೋರಿಸಿದರೆ ಮಗು ಬಡ್ಡಿ ವ್ಯವಹಾರ ಕಲಿಯುತ್ತದೆ, ಬಡ್ಡಿ ಬಾರದ ದಿನ ದೇವರ ಮೇಲೆ ಮುನಿಸಿಕೊಳ್ಳುತ್ತದೆ.

ಹೈಸ್ಕೂಲಿನ ಮಕ್ಕಳಿದ್ದರೆ ಹಿಡಿ ಅಕ್ಕಿಯಲ್ಲಿ ನಿಲ್ಲಬೇಡಿ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ನೀರು ಹೆಚ್ಚು ಎಳೆದರೆ ಮಾನ್ವಿ, ಸಿರವಾರ ಕಡೆಯ ಕೊನೆ ಭಾಗದ ಹೊಲಗಳಿಗೆ ನೀರು ಮುಟ್ಟುವುದಿಲ್ಲ. ಇದನ್ನು ಅವರು ದಿನಾ ಕೇಳುತ್ತಿರುತ್ತಾರೆ. ಹೊಲದ ಅಂಚು ಬಿಡು ಎಂದ ದೇವರು ಕಾಲುವೆಯ ಮೇಲಿನ ರೈತನಿಗೆ ಏನು ಹೇಳುತ್ತಾನೆ ಎಂದು ಕೇಳಿ. ನಿಮ್ಮ ಹೊಲವೂ ಮೇಲ್ಭಾಗದಲ್ಲೇ ಇದ್ದರೆ ಆ ರಾತ್ರಿಯ ಮಾತು ಬೇಗ ಮುಗಿಯಲಿಕ್ಕಿಲ್ಲ. ಊಟ ಸ್ವಲ್ಪ ತಡವಾದರೂ ಆಗಲಿ, ಅಪ್ಪನೂ ಅಲ್ಲಿ ಕೂತಿರಲಿ.